ಪರವಾನಗಿಗಳ ಪರಸ್ಪರವಿರೋಧ: ಲಿಪಿಸಾಧನಗಳನ್ನು ಕುರಿತು ಒಂದು ವಾಕ್ಯವಿಚಾರ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳು ಭಾಷಾಶಾಸ್ತ್ರಜ್ಞರಿಗೆ ಎಷ್ಟು ಆನಂದದಾಯಕವೋ ಮುದ್ರಕರಿಗೆ ಅಷ್ಟೇ ಕ್ಲೇಶದಾಯಕವಾದ ಸೀಮೆಯಾಗಿವೆ. ಶಾಲೆಯ ಮತ್ತು ಕಚೇರಿಯ ಭಾಷೆ ಕನ್ನಡ. ಮನೆಯಲ್ಲಿಯೂ ಸಂತೆಯಲ್ಲಿಯೂ ಅದರೊಡನೆ ಕೊಂಕಣಿ, ಮರಾಠಿ, ಉರ್ದು ಭಾಷೆಗಳು ಕೇಳಬರುವವು. ಕುಣಬಿಗಳ, ಗೌಳಿಗಳ, ಸಿದ್ದಿಗಳ ಮಾತುಗಳು ಇವುಗಳೊಳಗೆ ಸೇರಿಯೂ ಸೇರದಂತೆ ತಮ್ಮ ತಮ್ಮ ರೀತಿಯಲ್ಲಿ ನಡೆದುಬಂದಿವೆ. 1966ರಲ್ಲಿ ಮುಂಡಗೋಡದ ಬಳಿ ಟಿಬೆಟದ ನಿರಾಶ್ರಿತರ ವಸತಿ ಏರ್ಪಟ್ಟು, ಮುಂದೆ ಅಲ್ಲಿ ಗಂದೆನ್ ಮತ್ತು ಡ್ರೆಪುಂಗ್ ಎಂಬ ಮಹಾವಿಹಾರಗಳು ಪುನಃ ಪ್ರತಿಷ್ಠಿತವಾದ ಮೇಲೆ, ಟಿಬೆಟದ ಲಿಪಿಯೂ ಈ ಸೀಮೆಯ ಲಿಪಿಗಳಲ್ಲಿ ಒಂದಾಯಿತು. ಎಲ್ಲರಿಗೂ ತಿಳಿಯಬೇಕಾದ ಒಂದು ಸಣ್ಣ ತಿಳಿವಳಿಕೆಪತ್ರಕ್ಕೂ ಇಲ್ಲಿ ನಾಲ್ಕು ಲಿಪಿಗಳು ಬೇಕಾಗಬಹುದು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕಾಗದದ ಕಾರಖಾನೆ ಇರುವದರಿಂದ ಕಾಗದಕ್ಕೆ ಬಡತನವಿಲ್ಲ. ವಿಚಾರ ಮಾಡಬೇಕಾದದ್ದು ಅಕ್ಷರಗಳದು.

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಈ ವಿಚಾರಕ್ಕೆ ಆಸ್ಪದವೇ ಇರಲಿಲ್ಲ. ಮೊಳೆಗಳನ್ನು ತೂಕದ ಮೇಲೆ ಕೊಂಡವನೇ ಅವುಗಳ ಒಡೆಯನು. ಕನ್ನಡದ ಮೊಳೆಯ ಪಕ್ಕದಲ್ಲಿ ನಾಗರಿಯ ಮೊಳೆಯನ್ನಿಡಲು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೊಳೆಯ ಸ್ಥಾನದಲ್ಲಿ ಈಗ ನಿಂತಿರುವ ಫಾಂಟು ಗಣಕಯಂತ್ರದೊಳಗಿನ ಒಂದು ತಂತ್ರಾಂಶ. ಅದನ್ನು ಯಾರೂ ಪೂರ್ಣವಾಗಿ ಮಾರುವದಿಲ್ಲ. ಇಂತಿಂಥ ರೀತಿಯಲ್ಲಿ ಬಳಸಬಹುದೆಂದು ಒಂದು ಪರವಾನಗಿಯ ಮೂಲಕ ಕೊಡುತ್ತಾರೆ. ಬಳಸುವ, ಒಳಗಿನ ರಚನೆಯನ್ನು ನೋಡುವ, ತಿದ್ದುವ, ಹಂಚುವ ಅಧಿಕಾರಗಳನ್ನೆಲ್ಲ ಸರ್ವರಿಗೂ ಕೊಟ್ಟಿದ್ದರೆ ಅದಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಇಂಥ ತಂತ್ರಾಂಶವು ಒಂಟಿಯಾಗಿ ನಿಲ್ಲುವದು ಅಪರೂಪ. ಬರೆಯುವ ಸಾಧನವು ಅಕ್ಷರಗಳನ್ನು ಜೋಡಿಸುವ ಸಾಧನವನ್ನೂ, ಅದು ಫಾಂಟನ್ನೂ, ಕಾಗುಣಿತ ನೋಡುವದು ಪದಗಳ ಪಟ್ಟಿಯನ್ನೂ ಅವಲಂಬಿಸಿರುವವು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವದಾದರೆ ಇವುಗಳಲ್ಲಿ ಶೇಷಶೇಷಿಭಾವವುಂಟು. ಒಂದೊಂದು ಶೇಷವೂ ತನ್ನ ತನ್ನ ದಾತೃವಿನ ಪರವಾನಗಿಯನ್ನು ಹೊತ್ತು ಬರುವದು. ಎರಡು ಪರವಾನಗಿಗಳ ಮಾತು ಹೊಂದದೆ ಹೋದಾಗ ಶೇಷಿಯಾದ ಸಮುದಾಯವನ್ನು ಯಾವ ನಿಬಂಧನೆಯ ಮೇಲೆ ಹಂಚಬೇಕೆಂಬ ಪ್ರಶ್ನೆ ಹುಟ್ಟುವದು. ಈ ನಿಬಂಧನೆಗಳು ಬರಿಯ ಸದಿಚ್ಛೆಯ ಮಾತುಗಳಲ್ಲ. ಆಟದ ರೈಲುಗಳನ್ನು ನಡೆಸುವ ಒಂದು ಮುಕ್ತ ತಂತ್ರಾಂಶದ ಕುರಿತಾದ ಜೇಕಬ್ಸನ್–ಕಾಟ್ಜರ್ ವ್ಯಾಜ್ಯದಲ್ಲಿ, ಇಂಥ ನಿಬಂಧನೆಯನ್ನು ಮೀರಿದವನು ಕೃತಿಸ್ವಾಮ್ಯವನ್ನೇ ಮೀರಿದವನಾಗಬಹುದೆಂದು ಅಮೇರಿಕೆಯ ಮೇಲ್ಮನವಿ ನ್ಯಾಯಾಲಯವೊಂದು 2008ರಲ್ಲಿ ನಿರ್ಣಯಿಸಿತು.

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಬರುವ ಮೊದಲನೆಯ ಪೂರ್ವಪಕ್ಷವು ಇದು: ಮುಕ್ತ ಪರವಾನಗಿಗಳೆಲ್ಲವೂ ಸ್ವಾತಂತ್ರ್ಯವನ್ನೇ ಕೊಂಡಾಡುವವು, ತಾತ್ಪರ್ಯವು ಒಂದೇ ಆಗಿರುವಾಗ ವಿರೋಧವೆಲ್ಲಿಯದು? ಸಹೃದಯರಾದವರು ಈ ಮಾತಿಗೆ ಬೇಗನೆ ಒಲಿಯುತ್ತಾರೆ. ಆದರೆ ಪರವಾನಗಿಯ ಪಾಠವನ್ನು ಒಂದು ಶಾಸ್ತ್ರಗ್ರಂಥದಂತೆ ವಿಭಾಗಿಸಿ ನೋಡಿದರೆ ಇದು ನಿಲ್ಲುವದಿಲ್ಲ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನವರು 1991ರ ಜೂನದಲ್ಲಿ ಪ್ರಕಟಿಸಿದ ಜಿಎನ್‌ಯು ಸಾರ್ವಜನಿಕ ಪರವಾನಗಿಯ ಎರಡನೆಯ ಆವೃತ್ತಿಯನ್ನು, ಸಂಕ್ಷೇಪವಾಗಿ ಜಿಪಿಎಲ್ಲನ್ನು, ತೆಗೆದುಕೊಳ್ಳೋಣ. ಅದರ ಪೀಠಿಕೆಯಲ್ಲಿ ಸ್ವಾತಂತ್ರ್ಯದ ಪ್ರಶಂಸೆ ಇದೆ. ಇದು ಅರ್ಥವಾದ. ಅನಂತರದ ಕಲಮುಗಳಲ್ಲಿ ಬರುವವು ವಿಧಿನಿಷೇಧಗಳು: ತಿದ್ದಿ ಹಂಚುವವನು ಸಮಗ್ರಕೃತಿಯನ್ನು ಇದೇ ಪರವಾನಗಿಯ ಮೇಲೆ ಹಂಚಬೇಕು, ಪಡೆಯುವವನ ಮೇಲೆ ಇದಕ್ಕಿಂತ ಹೆಚ್ಚಿನ ಯಾವ ನಿರ್ಬಂಧವನ್ನೂ ಹೊರಿಸಬಾರದು, ಬೇರೆ ಯಾವುದೋ ಬಾಧ್ಯತೆಯಿಂದ ಈ ಎರಡನ್ನೂ ನಡೆಸಲು ಶಕ್ಯವಾಗದಿದ್ದರೆ ಹಂಚುವದನ್ನೇ ಬಿಡಬೇಕು. ಕೊನೆಯ ಈ ನಿಷೇಧದ ಕಾಠಿಣ್ಯವನ್ನು ಗಮನಿಸತಕ್ಕದ್ದು. ಸ್ತುತಿವಾಕ್ಯಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ, ಅದು ವಿಧಿಗೆ ಅಂಗವಾಗಿಯೇ ಸಾರ್ಥಕವಾಗಬೇಕು ಎಂಬದು ಅರ್ಥವಾದಾಧಿಕರಣವನ್ನು ಓದಿದ ವಿದ್ಯಾರ್ಥಿಗೂ ತಿಳಿದ ಸಂಗತಿ. ಪೀಠಿಕೆಗಳ ಸಾಮ್ಯದಿಂದ ವಿಧಿಗಳ ಸಾಮ್ಯವನ್ನು ಊಹಿಸುವವರು ಅರ್ಥವಾದವನ್ನೇ ವಿಧಿಯೆಂದು ಭ್ರಮಿಸಿದವರು.

ಇನ್ನು ಎಸ್‌ಐಎಲ್ ಎಂಬ ಭಾಷಾಸಂಸ್ಥೆಯವರು 2007ರ ಫೆಬ್ರುವರಿಯಲ್ಲಿ 1.1ನೆಯ ಆವೃತ್ತಿಯಾಗಿ ಪ್ರಕಟಿಸಿದ ಮುಕ್ತ ಫಾಂಟ್ ಪರವಾನಗಿ, ಓಎಫ್‌ಎಲ್. ಇದು ಜಿಪಿಎಲ್ಲಿಗಿಂತ ಬಹಳ ಚಿಕ್ಕದು. ಫಾಂಟಿನ ಸ್ವಭಾವವನ್ನು ಬಲ್ಲವರು ರಚಿಸಿದ್ದಾದ್ದರಿಂದ ಮಿತಾಕ್ಷರವೂ ಸಾರಯುಕ್ತವೂ ಆಗಿದೆ. ಫಾಂಟನ್ನು ಒಂಟಿಯಾಗಿ ಮಾರಕೂಡದು, ಬೇರೆ ತಂತ್ರಾಂಶದ ಜೊತೆಗೆ ಮಾರಬಹುದು ಎಂಬದು ಅದರ ಒಂದು ವಿಧಿ. ದಾತೃವು ಕಾದಿರಿಸಿದ ಹೆಸರನ್ನು ತಿದ್ದಿದ ಫಾಂಟಿಗೆ ಇಡಕೂಡದೆಂಬದು ಇನ್ನೊಂದು. ಮೀಮಾಂಸಕರು ವೇದಭಾಗಗಳಲ್ಲಿ ನಾಮಧೇಯವೆಂಬದನ್ನು ಪ್ರತ್ಯೇಕವಾಗಿ ಎಣಿಸಿದ್ದು ಇಲ್ಲಿ ನೆನಪಿಗೆ ಬರುವದು, ಅಲ್ಲಿಯ ಪ್ರಯೋಜನ ಬೇರೆಯಾದರೂ. ಮೂರನೆಯದೇ ಪ್ರಕೃತಕ್ಕೆ ಮುಖ್ಯ: ಫಾಂಟು ಇಡಿಯಾಗಲಿ ಬಿಡಿಯಾಗಲಿ, ತಿದ್ದಿದ್ದಾಗಲಿ ತಿದ್ದದ್ದಾಗಲಿ, ಇದೇ ಪರವಾನಗಿಯ ಮೇಲೆ ಮಾತ್ರ ಹಂಚಲ್ಪಡಬೇಕು, ಅನ್ಯ ಪರವಾನಗಿ ಕೂಡದು.

ಈಗ ಮುಂಡಗೋಡದ ಸೀಮೆಯಲ್ಲಿ ಒಬ್ಬನು ಕನ್ನಡ ಮತ್ತು ಟಿಬೆಟದ ಅಕ್ಷರಗಳೆರಡೂ ಇರುವ ಒಂದೇ ಫಾಂಟನ್ನು ಕಟ್ಟಲು ಹೊರಟನೆಂದು ಭಾವಿಸೋಣ. ಟಿಬೆಟಕ್ಕೆ ಅವನು ಟಿಬೆಟನ್ ಮಶೀನ್ ಯುನಿ ಎಂಬ ಫಾಂಟನ್ನು ಆರಿಸುತ್ತಾನೆ. ಅದು ಜಿಪಿಎಲ್ಲಿನ ಮೇಲೆ ಕೊಟ್ಟದ್ದು. ಕನ್ನಡಕ್ಕೆ ಈಗಿನ ಲೋಹಿತ್ ಕನ್ನಡವನ್ನು ಆರಿಸುತ್ತಾನೆ. ಅದು ಓಎಫ್‌ಎಲ್ಲಿನ ಮೇಲೆ ಕೊಟ್ಟದ್ದು. ಹುಟ್ಟಿದ ಸಮಗ್ರಕೃತಿಯು ತನ್ನದಾಗಬೇಕೆಂದು ಜಿಪಿಎಲ್ ವಿಧಿಸುವದು. ತನ್ನ ಅಂಶವು ಅನ್ಯಪರವಾನಗಿಗೆ ಸಲ್ಲದೆಂದು ಓಎಫ್‌ಎಲ್ ನಿಷೇಧಿಸುವದು. ಹೆಸರಿನ ಮತ್ತು ಮಾರಾಟದ ಕಟ್ಟುಗಳು ಜಿಪಿಎಲ್ಲಿನ ದೃಷ್ಟಿಯಲ್ಲಿ ಹೆಚ್ಚಿನ ನಿರ್ಬಂಧಗಳೇ ಸರಿ. ಇಬ್ಬರೂ ಉದಾರಿಗಳು, ಇಬ್ಬರೂ ಕೊಟ್ಟವರು; ಆದರೂ ಎರಡು ದಾನಗಳನ್ನು ಒಂದು ಪಾತ್ರೆಯಲ್ಲಿ ಬೆರೆಸಿ ಮೂರನೆಯವನಿಗೆ ಬಡಿಸುವಂತಿಲ್ಲ.

ಹಾಗಾದರೆ ಎರಡೂ ಲಿಪಿಗಳಿರುವ ಪುಟವನ್ನೇ ಅಚ್ಚುಹಾಕಬಾರದೋ ಎಂದು ಗಾಬರಿಯಾಗತಕ್ಕದ್ದಿಲ್ಲ. ಇಲ್ಲಿ ಏಕವಾಕ್ಯತೆಯ ವಿಚಾರವು ತುಂಬ ಉಪಕಾರಕವಾಗಿದೆ. ಪ್ರಯೋಜನವು ಒಂದಾಗಿದ್ದು, ಬಿಡಿಸಿದಾಗ ಭಾಗಗಳು ಒಂದನ್ನೊಂದು ಅಪೇಕ್ಷಿಸುವದಾದರೆ ಅದು ಒಂದು ವಾಕ್ಯ. ಇಲ್ಲದಿದ್ದರೆ ಬೇರೆ ಬೇರೆ ವಾಕ್ಯಗಳು ಎಂದು ಜೈಮಿನಿಯು ಎರಡನೆಯ ಅಧ್ಯಾಯದಲ್ಲಿ ತೋರಿಸಿಕೊಟ್ಟ ಲಕ್ಷಣವನ್ನೇ ಕೃತಿಗಳಿಗೆ ಅನ್ವಯಿಸಬಹುದು. ಒಂದು ಪುಟದಲ್ಲಿ ಎರಡು ಫಾಂಟುಗಳು ಅಕ್ಕಪಕ್ಕದಲ್ಲಿ ಕುಳಿತಾಗ ಅವುಗಳಲ್ಲಿ ಪರಸ್ಪರಾಕಾಂಕ್ಷೆ ಇಲ್ಲ. ಒಂದನ್ನು ತೆಗೆದರೆ ಇನ್ನೊಂದು ಕುಂಟಾಗುವದಿಲ್ಲ. ಬರಿಯ ಸಮೂಹವನ್ನು ಜಿಪಿಎಲ್ ತಾನೇ ಹೊರಗಿಟ್ಟಿದೆ. ಫಾಂಟಿನಿಂದ ರಚಿತವಾದ ದಸ್ತೈವಜಿಗೆ ತನ್ನ ಕಟ್ಟು ತಗಲುವದಿಲ್ಲವೆಂದು ಓಎಫ್‌ಎಲ್ ಸ್ಪಷ್ಟವಾಗಿ ಹೇಳಿದೆ. ಜಿಪಿಎಲ್ಲಿನಲ್ಲಿ ಮಾತ್ರ ಈ ಕೊನೆಯ ಮಾತು ಮೂಲತಃ ಇರಲಿಲ್ಲ. ದಸ್ತೈವಜಿನೊಳಗೆ ಫಾಂಟನ್ನು ಹುದುಗಿಸಿದರೆ ದಸ್ತೈವಜಿಗೂ ಜಿಪಿಎಲ್ ಅಂಟೀತೇ ಎಂಬ ಶಂಕೆ ಎದ್ದುದರಿಂದ, ಫಾಂಟುಗಳನ್ನು ಕೊಡುವವರು ಸೇರಿಸಿಕೊಳ್ಳಬಹುದಾದ ಒಂದು ಅಪವಾದವಾಕ್ಯವನ್ನು ಫೌಂಡೇಶನ್ನಿನವರು 2005ರಲ್ಲಿ ಸೂಚಿಸಿದರು. ಉತ್ಸರ್ಗವು ಅತಿವ್ಯಾಪ್ತವಾದಾಗ ಅಪವಾದವು ಬಂದು ಅದನ್ನು ಹದಕ್ಕೆ ತರುವ ಪದ್ಧತಿಗೆ ಇದೊಂದು ಒಳ್ಳೆಯ ಉದಾಹರಣೆ. ಜಿಪಿಎಲ್ಲಿನ ಫಾಂಟನ್ನು ಪಠ್ಯಪುಸ್ತಕಕ್ಕೆ ಬಳಸುವವರು ಈ ಅಪವಾದವಾಕ್ಯವು ಅದರೊಡನೆ ಇದೆಯೋ ಇಲ್ಲವೋ ಎಂಬದನ್ನು ಮೊದಲು ನೋಡುವದು ಒಳ್ಳೆಯದು.

ತಂತ್ರಾಂಶಗಳ ನಡುವೆ ಆಕಾಂಕ್ಷೆಯನ್ನು ಗುರುತಿಸುವದು ಇಷ್ಟು ಸುಲಭವಲ್ಲ. ನಡೆಯುವ ವೇಳೆಯಲ್ಲಿ ಮಾತ್ರ ಇನ್ನೊಂದನ್ನು ಕರೆದು ಸೇರಿಸಿಕೊಳ್ಳುವ ತಂತ್ರಾಂಶವು ಅದರೊಡನೆ ಏಕಕೃತಿಯೆಂದು ಫೌಂಡೇಶನ್ನಿನವರ ಮತ. ಅಲ್ಲವೆಂದು ಬೇರೆ ನ್ಯಾಯಜ್ಞರ ಮತ. ಒಂದು ಬರೆದಿಟ್ಟದ್ದನ್ನು ಇನ್ನೊಂದು ಓದುವಷ್ಟೇ ಸಂಬಂಧವಿದ್ದರೆ ಎರಡೂ ಬೇರೆ ಎಂಬಲ್ಲಿ ವಿವಾದ ಕಡಮೆ. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂಡ್ರಿಸುವ ಹಾರ್ಫ್‌ಬಜ್ ಎಂಬ ಸಾಧನದ ಪರವಾನಗಿಯಂತೂ ಹಕ್ಕಿನ ಸೂಚನೆಯನ್ನು ಉಳಿಸಿಕೊಳ್ಳಬೇಕೆಂಬದನ್ನು ಬಿಟ್ಟರೆ ಹೆಚ್ಚೇನನ್ನೂ ಕೇಳದ ಕಾರಣ, ಅಲ್ಲಿ ಈ ಜಿಜ್ಞಾಸೆಗೆ ಎಡೆಯೇ ಇಲ್ಲ.

ಎರಡನೆಯ ಪೂರ್ವಪಕ್ಷವು ವ್ಯವಹಾರಜ್ಞರದು. ವಿರೋಧವಿದ್ದರೆ ಬಿಗಿಯಾದ ಪರವಾನಗಿಯನ್ನೇ ಪಾಲಿಸಿದರಾಯಿತು, ಸಡಿಲವಾದದ್ದು ಅದರಲ್ಲಿ ಅಡಗುವದು ಎಂದು ಅವರು ಹೇಳುತ್ತಾರೆ. ಇದು ಅರ್ಧಸತ್ಯ. ತಟ್ಟೀಹಳ್ಳದ ನೀರು ಕಾಳಿಗೆ ಸೇರಿ ಕಾಳಿಯೇ ಆಗುವದು; ಕಾಳಿಯ ನೀರು ತಟ್ಟೀಹಳ್ಳಕ್ಕೆ ಹಿಂದಿರುಗುವದಿಲ್ಲ. ಹಾರ್ಫ್‌ಬಜ್ಜಿನಂಥವು ಜಿಪಿಎಲ್ಲಿಗೆ ಸೇರುವದು ಈ ಬಗೆಯದು. ಆದರೆ ಕಾಳಿಯೂ ಬೇಡ್ತಿಯೂ ಬೇರೆ ಬೇರೆಯಾಗಿ ಸಮುದ್ರಕ್ಕೆ ಹೋಗುವ ನದಿಗಳು. ಇವುಗಳಲ್ಲಿ ಯಾವುದು ಯಾವುದರ ಉಪನದಿ ಎಂದು ಕೇಳುವದು ವ್ಯರ್ಥ. ಓಎಫ್‌ಎಲ್ ಮತ್ತು ಜಿಪಿಎಲ್ಲುಗಳ ಸ್ಥಿತಿಯು ಇಂಥದು. ಸಡಿಲವೆಂದು ಹೆಸರಾದದ್ದೂ ಯಾವಾಗಲೂ ಅಡಗುವದಿಲ್ಲ. 2004ರ ಅಪಾಚೆ ಪರವಾನಗಿಯ ಎರಡನೆಯ ಆವೃತ್ತಿಯಲ್ಲಿ ಪೇಟೆಂಟುಗಳ ವಿಷಯವಾಗಿ ದಾವೆ ಹೂಡಿದವನ ಅಧಿಕಾರವು ನಿಂತುಹೋಗುವದೆಂಬ ಮಾತಿದೆ. ಅದು ಹೆಚ್ಚಿನ ನಿರ್ಬಂಧವಾಗುವದರಿಂದ ಜಿಪಿಎಲ್ಲಿನ ಎರಡನೆಯ ಆವೃತ್ತಿಗೆ ಸೇರದೆಂದು ಫೌಂಡೇಶನ್ನಿನವರೇ ಹೇಳಿದ್ದಾರೆ. 2007ರ ಜೂನ 29ರಂದು ಹೊರಟ ಮೂರನೆಯ ಆವೃತ್ತಿಗೆ ಅದು ಸೇರುವದು. ಎರಡನೆಯ ಆವೃತ್ತಿ ಮಾತ್ರವೆಂದು ಕೊಟ್ಟವನಿಗೂ, ಎರಡನೆಯದು ಅಥವಾ ಮುಂದಿನದು ಎಂದು ಕೊಟ್ಟವನಿಗೂ ಇರುವ ಭೇದವು ಒಂದು ‘ಅಥವಾ’ದಷ್ಟೇ; ಆ ಅವ್ಯಯದ ಮೇಲೆ ಎಷ್ಟೋ ಕೃತಿಗಳ ಭವಿಷ್ಯವು ನಿಂತಿದೆ.

ಮುಂದಿನದು ಬಲವತ್ತರವೆಂಬ ಪಾಣಿನಿಯ ವಿಪ್ರತಿಷೇಧನ್ಯಾಯವನ್ನು ಇಲ್ಲಿ ತರಲು ಬರುವದೋ? ಬಾರದು. ಆ ಪರಿಭಾಷೆಯು ಒಬ್ಬನೇ ಆಚಾರ್ಯನ ಒಂದೇ ಶಾಸ್ತ್ರದೊಳಗಿನ ಸೂತ್ರಕ್ರಮವನ್ನು ಆಶ್ರಯಿಸಿದೆ. ಬೇರೆ ಬೇರೆ ದಾತೃಗಳ ಮಾತುಗಳಲ್ಲಿ ಪೌರ್ವಾಪರ್ಯವು ಬಲಾಬಲಕ್ಕೆ ಕಾರಣವಾಗದು. ವ್ರೀಹಿಯವಗಳ ದೃಷ್ಟಾಂತವು ಇದಕ್ಕಿಂತ ಹತ್ತಿರದ್ದು. ಯಾಗವನ್ನು ಬತ್ತದಿಂದ ಮಾಡಬೇಕೆಂದು ಒಂದು ವಿಧಿ, ಜವೆಗೋದಿಯಿಂದ ಮಾಡಬೇಕೆಂದು ಇನ್ನೊಂದು. ಎರಡೂ ನಿರಪೇಕ್ಷವಾದದ್ದರಿಂದ ವಿಕಲ್ಪವೇ ಗತಿ. ಎರಡನ್ನು ಬೆರೆಸಿದರೆ ಒಂದೂ ಪಾಲಿತವಾಗದೆ ಎರಡೂ ಬಾಧಿತವಾಗುವವು. ಮಿಶ್ರಫಾಂಟಿನ ದೋಷವನ್ನು ಇದಕ್ಕಿಂತ ಚೆನ್ನಾಗಿ ಹೇಳುವದು ಕಷ್ಟ. ವಿಕಲ್ಪಕ್ಕೆ ಎಂಟು ದೋಷಗಳನ್ನು ಹೇಳಿ ಮೀಮಾಂಸಕರು ಅದನ್ನು ಕೊನೆಯ ಗತಿಯಾಗಿ ಮಾತ್ರ ಒಪ್ಪಿದ್ದಾರೆ. ಆದರೆ ಆ ದೋಷಗಳು ಹುಟ್ಟುವದು ಒಪ್ಪಿದ ಪ್ರಮಾಣವನ್ನು ಅನುಷ್ಠಾತೃವು ತಾನೇ ಕೈಬಿಡಬೇಕಾದಾಗ. ದಾತೃವೇ ಇದರ ಮೇಲಾದರೂ ತೆಗೆದುಕೊ, ಅದರ ಮೇಲಾದರೂ ತೆಗೆದುಕೊ ಎಂದು ಎರಡು ಪರವಾನಗಿಗಳನ್ನು ಮುಂದಿಟ್ಟಾಗ ಅದು ಐಚ್ಛಿಕವಿಕಲ್ಪ. ಅಲ್ಲಿ ಒಂದು ದೋಷವೂ ತಗಲುವದಿಲ್ಲ.

ಕನ್ನಡನಾಡಿನ ವಾಚಕರಿಗೆ ಇಲ್ಲಿ ಕಲ್ಯಾಣದ ವಿಜ್ಞಾನೇಶ್ವರನ ನೆನಪಾಗದೆ ಇರದು. ಎರಡು ಸ್ಮೃತಿಗಳಲ್ಲಿ ವಿರೋಧ ತೋರಿದಾಗ ನ್ಯಾಯವೇ ಬಲವತ್ತರವೆಂದು ಯಾಜ್ಞವಲ್ಕ್ಯನು ಹೇಳಿದಲ್ಲಿ, ಆ ನ್ಯಾಯವೆಂದರೆ ವಿಷಯವನ್ನು ವ್ಯವಸ್ಥೆಗೊಳಿಸುವ, ಉತ್ಸರ್ಗಾಪವಾದಗಳನ್ನು ಗುರುತಿಸುವ ನ್ಯಾಯವೆಂದು ಮಿತಾಕ್ಷರೆಯು ವಿವರಿಸಿದೆ. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಆ ಮಹಾಪಂಡಿತನ ಈ ವಿವರಣೆಯು ಪರವಾನಗಿಗಳಿಗೆ ಒಂದು ಮೇರೆಯವರೆಗೆ ಅಕ್ಷರಶಃ ಸಲ್ಲುವದು: ಇದರ ವಿಷಯ ಇದು, ಅದರ ವಿಷಯ ಅದು ಎಂದು ಬೇರ್ಪಡಿಸಿದ ಕೂಡಲೆ ವಿರೋಧಗಳ ಬಹುಭಾಗವು ಕರಗುವದು. ಆದರೆ ಆ ಮೇರೆಯ ಆಚೆಗೂ ಅದನ್ನು ಒಯ್ಯುವದು ಪಂಡಿತರ ಹಳೆಯ ಚಾಪಲ್ಯ. ಶ್ರುತಿಯು ಅಪೌರುಷೇಯ, ಅದರಲ್ಲಿ ವಿರೋಧವು ಇರಲಾರದೆಂಬ ನಂಬುಗೆಯಿಂದ ಸಮನ್ವಯವು ಪ್ರವರ್ತಿಸುವದು. ಸ್ಮೃತಿಗಳಿಗೂ ಮೂಲವು ಒಂದೇ ಶ್ರುತಿಯೆಂದು ಊಹಿಸುವದರಿಂದ ಅಲ್ಲಿಯೂ ಸಮನ್ವಯಕ್ಕೆ ಆಧಾರವುಂಟು. ಪರವಾನಗಿಗಳು ಪೌರುಷೇಯ, ಅದರಲ್ಲಿಯೂ ಪರಸ್ಪರ ಭಿನ್ನವಾದ ಅಭಿಪ್ರಾಯಗಳುಳ್ಳ ಬೇರೆ ಬೇರೆ ಪುರುಷರು ಬುದ್ಧಿಪೂರ್ವಕವಾಗಿ ಬೇರೆ ಬೇರೆಯಾಗಿ ಬರೆದವು. ಅಲ್ಲಿ ತೋರುವ ವಿರೋಧವು ಆಭಾಸವಲ್ಲ, ನಿಜವಾದ ವಿರೋಧ. ಅದನ್ನು ವ್ಯಾಖ್ಯಾನದ ಚಾತುರ್ಯದಿಂದ ಮುಚ್ಚುವದೆಂದರೆ ದಾತೃವು ಕೊಡದ್ದನ್ನು ಅವನ ಬಾಯಿಂದ ಕೊಡಿಸುವದು. ವ್ಯಾಖ್ಯಾತೃವಿನ ಅಧಿಕಾರವು ಏಕಕೃತಿಯೋ ಸಮೂಹವೋ ಎಂಬ ನಿರ್ಣಯದಲ್ಲಿ ಮುಗಿಯಿತು. ಏಕಕೃತಿಯೆಂದು ನಿಶ್ಚಯವಾದ ಮೇಲೆ ವಿರೋಧವನ್ನು ಬಿಡಿಸಲು ಸಮರ್ಥನು ದಾತೃವೊಬ್ಬನೇ.

ಇದು ಬರಿಯ ಶಬ್ದವಿಚಾರವಲ್ಲವೆಂಬದಕ್ಕೆ ನಿಘಂಟುಗಳ ಸಂಗತಿಯನ್ನು ನೋಡಬೇಕು. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ದುಡಿದು ರಚಿಸಿದ, ಒಂದೂವರೆ ಲಕ್ಷಕ್ಕೆ ಮಿಕ್ಕಿದ ಪದಗಳುಳ್ಳ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಸರ್ವರಿಗೂ ತೆರೆಯಲ್ಪಟ್ಟಿತು. ಕನ್ನಡಕ್ಕೆ ಈಚೆಗೆ ದೊರೆತ ದಾನಗಳಲ್ಲಿ ಇದಕ್ಕೆ ಸಮಾನವಾದವು ಕೆಲವೇ. ಅದರ ಪರವಾನಗಿಯು ಮುಕ್ತ ದತ್ತಸಂಚಯ ಪರವಾನಗಿ, ಅಂದರೆ ಓಡಿಬಿಎಲ್. ಇತ್ತ ಕನ್ನಡ ವಿಕ್ಷನರಿಯು ಕ್ರಿಯೇಟಿವ್ ಕಾಮನ್ಸಿನವರ ‘ಹೆಸರು ಹೇಳಿ, ಹಾಗೆಯೇ ಹಂಚಿ’ ಎಂಬ ಪರವಾನಗಿಯನ್ನು ಅನುಸರಿಸುವದು. ತನ್ನಿಂದ ಹುಟ್ಟಿದ ದತ್ತಸಂಚಯವು ತನ್ನ ಪರವಾನಗಿಯಲ್ಲಿಯೇ ಇರಬೇಕೆಂದು ಎರಡೂ ಆಗ್ರಹಪಡಿಸುವವು; ಒಂದು ಇನ್ನೊಂದನ್ನು ಸಮಾನವೆಂದು ಒಪ್ಪಿಕೊಂಡಿಲ್ಲ. ಆದಕಾರಣ ಕನ್ನಡದ ಅತಿದೊಡ್ಡ ಮುಕ್ತ ನಿಘಂಟುಗಳಲ್ಲಿ ಒಂದರ ಸಾಮಗ್ರಿಯನ್ನು ಕನ್ನಡದ ಸಾರ್ವಜನಿಕ ನಿಘಂಟಿಗೆ ರಾಶಿಯಾಗಿ ತುಂಬಲು ಬರುವದಿಲ್ಲ.

ಇದರ ಪೆಟ್ಟು ಎಲ್ಲಿ ಬೀಳುವದೆಂದರೆ ಜೋಯಿಡಾದಂಥ ಊರುಗಳಲ್ಲಿ. ಕುಣಬಿಗಳ ಅಥವಾ ಸಿದ್ದಿಗಳ ಮಾತಿಗೆ ಒಂದು ಶಾಲಾನಿಘಂಟನ್ನು ಕಟ್ಟುವ ಉಪಾಧ್ಯಾಯನು ಕನ್ನಡದ ಅರ್ಥಗಳಿಗಾಗಿ ಇರುವ ಆಧಾರಗಳನ್ನೇ ಹಿಡಿಯಬೇಕು. ಸಿದ್ದಿಗಳಿಗೆ 2003ರಲ್ಲಿ ಅನುಸೂಚಿತ ಬುಡಕಟ್ಟಿನ ಸ್ಥಾನ ದೊರೆತರೂ ಅವರ ಮಾತಿಗೆ ಕೈಗೆ ಎಟಕುವಂಥ ಶಾಲಾನಿಘಂಟು ಬಂದಾಗಲೇ ಅದರ ಫಲವು ತರಗತಿಗೆ ತಲುಪೀತು. ಆ ಉಪಾಧ್ಯಾಯನು ಒಂದೇ ಪದದ ಅರ್ಥದಲ್ಲಿ ಅಲರಿನ ಅರ್ಧವನ್ನೂ ವಿಕ್ಷನರಿಯ ಅರ್ಧವನ್ನೂ ಹೆಣೆದು, ಅದರ ಮೇಲೆ ತನ್ನ ಹತ್ತು ವರ್ಷಗಳ ಸಂಗ್ರಹವನ್ನು ಕಟ್ಟಿದನೆಂದರೆ, ಕೊನೆಗೆ ಅವನ ಕೈಯಲ್ಲಿ ಉಳಿಯುವದು ತಾನು ಓದಬಹುದಾದ, ಆದರೆ ಯಾರಿಗೂ ವಿಧಿಪೂರ್ವಕವಾಗಿ ಕೊಡಲಾರದ ಒಂದು ಪುಸ್ತಕ. ಮೊದಲೇ ಅರಿತವನಾಗಿದ್ದರೆ ಎರಡು ಆಧಾರಗಳನ್ನು ಎರಡು ಅಂಕಣಗಳಲ್ಲಿ ಬೇರೆ ಬೇರೆಯಾಗಿ ಇಟ್ಟು, ಒಂದೊಂದರ ಪರವಾನಗಿಯನ್ನು ಅಲ್ಲಲ್ಲಿಯೇ ಸೂಚಿಸಿ, ತನ್ನ ಸಂಗ್ರಹವನ್ನು ಮೂರನೆಯ ಅಂಕಣದಲ್ಲಿ ನಿರಪೇಕ್ಷವಾಗಿ ಬೆಳೆಸಬಹುದಾಗಿತ್ತು. ಸಂಚಯಗಳ ಸಮೂಹವನ್ನು ಎರಡು ಪರವಾನಗಿಗಳೂ ಬಾಧಿಸುವದಿಲ್ಲ.

ಓಡಿಬಿಎಲ್ಲಿನ ಪಾಠದ ಮೇಲೆ ಒಂದು ಆಕ್ಷೇಪವನ್ನು ಇಲ್ಲಿಯೇ ಹೇಳಬೇಕಾಗಿದೆ. ಅದು ದತ್ತಸಂಚಯವನ್ನೂ ಅದರಿಂದ ನಿರ್ಮಿತವಾದ ಕೃತಿಯನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ಸಡಿಲವನ್ನು ಕೊಟ್ಟಿದೆ. ನಕಾಶೆಗೆ ಈ ವಿಭಾಗವು ಸೊಗಸಾಗಿ ಹೊಂದುವದು: ಅಳತೆಗಳು ಸಂಚಯ, ಚಿತ್ರವು ಕೃತಿ. ಆದರೆ ಅಚ್ಚಾದ ನಿಘಂಟು ಸಂಚಯವೋ ಕೃತಿಯೋ? ಅಕಾರಾದಿಯಾಗಿ ಜೋಡಿಸಿದ ಪದಗಳನ್ನು ಕಾಗದಕ್ಕೆ ಇಳಿಸಿದ ಮಾತ್ರಕ್ಕೆ ಸಂಚಯತ್ವವು ಹೋಯಿತೆನ್ನುವದು ಸಾಹಸ. ಲಕ್ಷಣವು ಲಕ್ಷ್ಯವೊಂದನ್ನೇ ಕಣ್ಣಮುಂದಿಟ್ಟುಕೊಂಡು ರಚಿತವಾದಾಗ ಇಂಥ ಅವ್ಯಾಪ್ತಿಗಳು ಉಳಿಯುವವು.

ದಾತೃವೊಬ್ಬನೇ ಸಮರ್ಥನೆಂಬದಕ್ಕೆ ಈಚಿನ ಇಪ್ಪತ್ತು ವರ್ಷಗಳ ಇತಿಹಾಸವು ಪ್ರಮಾಣ. ಲೋಹಿತ್ ಫಾಂಟುಗಳನ್ನು ರೆಡ್ ಹ್ಯಾಟ್ ಸಂಸ್ಥೆಯು 2004ರಲ್ಲಿ ಜಿಪಿಎಲ್ಲಿನ ಮೇಲೆ ಕೊಟ್ಟು, 2011ರಲ್ಲಿ ಓಎಫ್‌ಎಲ್ಲಿಗೆ ವರ್ಗಾಯಿಸಿತು. (ಲೋಹಿತವೆಂದರೆ ಕೆಂಪು, ಸಂಸ್ಥೆಯ ಹೆಸರಿನೊಳಗಿನ ಬಣ್ಣವು ಸಂಸ್ಕೃತದಲ್ಲಿ ಫಾಂಟಿಗೆ ಇಳಿದಿದೆ.) ಗೂಗಲ್ ಸಂಸ್ಥೆಯ ನೋಟೋ ಫಾಂಟುಗಳು 2015ರಲ್ಲಿ ಅಪಾಚೆಯಿಂದ ಓಎಫ್‌ಎಲ್ಲಿಗೆ ಬಂದವು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಮೇಲೆ ತೆರೆದುದರಿಂದ ಅವು ವಿಕಿಪೀಡಿಯದ ಬಳಗಕ್ಕೆ ಸೇರಲು ಶಕ್ಯವಾಯಿತು. ಇಲ್ಲೆಲ್ಲ ದಾತೃಸ್ಥಾನದಲ್ಲಿ ಒಂದು ಸಂಸ್ಥೆ ನಿಂತಿತ್ತು. ಮನಸ್ಸು ಮಾಡಿತು, ಕೆಲಸವಾಯಿತು. ವಿಕಿಪೀಡಿಯದಲ್ಲಿಯಾದರೋ ಬರೆದವರು ಅಸಂಖ್ಯರು. ಅದು 2009ರಲ್ಲಿ ಹಳೆಯ ಜಿಎಫ್‌ಡಿಎಲ್ಲಿನಿಂದ ಕ್ರಿಯೇಟಿವ್ ಕಾಮನ್ಸಿಗೆ ದಾಟಲು ಸಾಧ್ಯವಾದದ್ದು ಎಲ್ಲರೂ ಮೊದಲೇ ‘ಅಥವಾ ಮುಂದಿನ ಆವೃತ್ತಿ’ ಎಂಬ ಮಾತಿಗೆ ಒಪ್ಪಿ ಬರೆದದ್ದರಿಂದ. 2008ರ ನವೆಂಬರದಲ್ಲಿ ಹೊರಟ ಜಿಎಫ್‌ಡಿಎಲ್ಲಿನ 1.3ನೆಯ ಆವೃತ್ತಿಯು ಅಂಥ ದಾಟುವಿಕೆಗೆ 2009ರ ಆಗಸ್ಟ 1ರವರೆಗೆ ಬಾಗಿಲು ತೆರೆದಿಟ್ಟಿತ್ತು. ಕನ್ನಡ ವಿಕಿಪೀಡಿಯವೂ ಆ ಬಾಗಿಲಿನಿಂದಲೇ ದಾಟಿತು.

ಆ ಮಾತು ಇಲ್ಲದಿದ್ದಲ್ಲಿ ಏನಾಗುವದೆಂಬದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಗತ್ತಿನ ಸಾರ್ವಜನಿಕ ನಕಾಶೆಯು ತೋರಿಸಿತು. ಅದು ಕ್ರಿಯೇಟಿವ್ ಕಾಮನ್ಸಿನಿಂದ ಓಡಿಬಿಎಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದಾಗ ಹಾದಿಹೊಳೆಗಳನ್ನು ಗುರುತಿಸಿದ ಒಬ್ಬೊಬ್ಬರನ್ನೂ ಕೇಳಬೇಕಾಯಿತು. ಒಲ್ಲೆನೆಂದವರ, ಉತ್ತರವನ್ನೇ ಕೊಡದವರ ಕೆಲಸವನ್ನು 2012ರ ಜುಲೈಯಲ್ಲಿ ನಕಾಶೆಯಿಂದ ಅಳಿಸಿ, ಆ ಮೇಲೆಯೇ ಸೆಪ್ಟೆಂಬರ 12ರಂದು ಹೊಸ ಪರವಾನಗಿಯನ್ನು ಜಾರಿಗೆ ತಂದರು. ನೆಲದ ಮೇಲೆ ಇದ್ದ ಹಾದಿಯು ನಕಾಶೆಯಲ್ಲಿ ಇಲ್ಲವಾಯಿತು. ದಾನದ ಮಾತಿನ ಮೇಲೆ ಇಷ್ಟು ನಿಷ್ಠೆಯನ್ನು ಇಟ್ಟ ಸಮಾಜವನ್ನು ಶ್ಲಾಘಿಸಲೇಬೇಕು; ಅದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು.

ಇಷ್ಟು ವಿಚಾರವೂ ಪರವಾನಗಿಯ ಮಾತು ಇದ್ದಾಗ. ಕನ್ನಡದಲ್ಲಿ ಹೆಚ್ಚಿನ ಸಂಕಟವು ಮಾತೇ ಇಲ್ಲದಲ್ಲಿ ಇದೆ. ಎಷ್ಟೋ ಫಾಂಟುಗಳೂ ಪದಪಟ್ಟಿಗಳೂ ‘ಉಚಿತ’ವೆಂಬ ಒಂದೇ ಶಬ್ದದೊಡನೆ ಹೊರಬಿದ್ದು ಕೈಯಿಂದ ಕೈಗೆ ಹೋಗಿವೆ. ಉಚಿತವೆಂಬದು ಬೆಲೆಯ ಮಾತು, ಅಧಿಕಾರದ ಮಾತಲ್ಲ. ತಿದ್ದಬಹುದೋ, ಬೇರೆಯದರೊಡನೆ ಬೆರೆಸಬಹುದೋ, ಮತ್ತೊಬ್ಬರಿಗೆ ಕೊಡಬಹುದೋ ಎಂಬದಕ್ಕೆ ಅದು ಮೂಕವಾಗಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 30ನೆಯ ಕಲಮು ಪರವಾನಗಿಯನ್ನು ಲಿಖಿತವಾಗಿ ಕೊಡಬೇಕೆನ್ನುವದು. ಮೊದಲು ಬೇಕಾಗಿದ್ದ ಸಹಿಯನ್ನು 2012ರ ತಿದ್ದುಪಡಿಯು ತೆಗೆದುಹಾಕಿದೆಯೇ ಹೊರತು ಬರಹವನ್ನು ತೆಗೆದಿಲ್ಲ. ಎರಡು ಪರವಾನಗಿಗಳಲ್ಲಿ ವಿರೋಧವಿದ್ದರೆ ದಾತೃವನ್ನು ಹುಡುಕಿಕೊಂಡು ಹೋಗಬಹುದು. ಹೆಸರೂ ಇಲ್ಲದೆ ಮಾತೂ ಇಲ್ಲದೆ ಬಿಟ್ಟ ಫಾಂಟಿನ ವಿಷಯದಲ್ಲಿ ಯಾರನ್ನು ಕೇಳುವದು? ನಮ್ಮ ಪ್ರಾಚೀನ ದಾನಶಾಸನಗಳನ್ನು ಬರೆಯಿಸಿದವರು ಈ ವಿಷಯದಲ್ಲಿ ಹೆಚ್ಚು ಜಾಣರು: ಕೊಟ್ಟವನಾರು, ಪಡೆದವನಾರು, ಚತುಸ್ಸೀಮೆ ಯಾವುದು, ಯಾವ ಬಾಧೆಗಳಿಂದ ಮುಕ್ತ ಎಂಬದನ್ನೆಲ್ಲ ತಾಮ್ರದ ಮೇಲೆ ಕೊರೆಯಿಸಿಟ್ಟರು.

ಮುಂಡಗೋಡದ ಮಿಶ್ರಫಾಂಟಿನ ಪ್ರಸಂಗಕ್ಕೆ ಹಿಂದಿರುಗಿದರೆ, ಅಲ್ಲಿ ಎರಡು ದಾರಿಗಳು ಕಾಣುವವು. 2011ಕ್ಕಿಂತ ಹಿಂದಿನ ಲೋಹಿತ್ ಜಿಪಿಎಲ್ಲಿನ ಮೇಲೆ ಕೊಟ್ಟದ್ದು. ಮುಂದಿನ ವರ್ಗಾವಣೆಯಿಂದ ಹಿಂದಿನ ದಾನವು ರದ್ದಾಗುವದಿಲ್ಲ. ಆವೃತ್ತಿಯ ಮಾತುಗಳು ಹೊಂದಿದರೆ ಆ ಹಳೆಯ ಲೋಹಿತವನ್ನು ಟಿಬೆಟನ್ ಮಶೀನ್ ಯುನಿಯೊಡನೆ ಸೇರಿಸಬಹುದು. ಆದರೆ ಅನಂತರದ ವರ್ಷಗಳಲ್ಲಿ ಒತ್ತಕ್ಷರಗಳಿಗಾದ ಸುಧಾರಣೆಗಳನ್ನೆಲ್ಲ ಕೈಬಿಡಬೇಕಾಗುವದು. ಇದಕ್ಕಿಂತ ಎರಡನೆಯದು ಮೇಲು. ಬತ್ತವು ದೊರೆಯದಿದ್ದರೆ ಅದಕ್ಕೆ ಅತ್ಯಂತ ಸದೃಶವಾದ ನೀವಾರವನ್ನು, ಎಂದರೆ ತಾನಾಗಿ ಬೆಳೆಯುವ ಕಾಡುಬತ್ತವನ್ನು, ಪ್ರತಿನಿಧಿಯಾಗಿ ತೆಗೆದುಕೊಳ್ಳಬೇಕೆಂದು ಮೀಮಾಂಸಕರು ಆರನೆಯ ಅಧ್ಯಾಯದಲ್ಲಿ ವ್ಯವಸ್ಥೆಮಾಡಿದ್ದಾರೆ. ಟಿಬೆಟದ ಲಿಪಿಗೆ ಅಂಥ ಪ್ರತಿನಿಧಿಯೊಂದು ಸಿದ್ಧವಾಗಿದೆ: ಭೂತಾನದ ಹಸ್ತಪ್ರತಿಗಳ ಅಕ್ಷರವನ್ನು ಅನುಸರಿಸಿ ರಚಿತವಾದ ಜೊಮೊಲ್ಹಾರಿ ಎಂಬ ಫಾಂಟು. ಅದು ಓಎಫ್‌ಎಲ್ಲಿನ ಮೇಲೆ ಕೊಟ್ಟದ್ದಾದ್ದರಿಂದ ಈಗಿನ ಲೋಹಿತದೊಡನೆಯೂ ನೋಟೋದೊಡನೆಯೂ ವಿರೋಧವಿಲ್ಲದೆ ಕೂಡುವದು. ಅಕ್ಷರದ ಮೈಕಟ್ಟಿನಲ್ಲಿ ತುಸು ಭೇದವುಂಟು. ವಿಹಾರಗಳ ಭಿಕ್ಷುಗಳು ಅದನ್ನು ಒಪ್ಪಬೇಕು. ಕಾದಿರಿಸಿದ ಹೆಸರುಗಳನ್ನು ಬಳಸಲು ಬಾರದ ಕಾರಣ, ಕೂಡಿದ ಫಾಂಟಿಗೆ ಹೊಸತೊಂದು ಹೆಸರನ್ನು ಇಡಬೇಕಾಗುವದು.